ಎಬ್ಬಿಸದೇ ಎದ್ದ ಕೋಶಗಳು

ಅವಳಿಗೆ ಅಳಿಲು ಎಂದು ಹೆಸರಿಟ್ಟವನು ಅವಳ ಅಣ್ಣ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದರೆ ಸಾಕು, ಹುಡುಗಿ ಚಂಗನೆ ಹಾರಿ ಕಿಟಕಿ ಕಟ್ಟೆ ಏರುತ್ತಿದ್ದಳಂತೆ. ಆ ಹೆಸರು ಅಂಟಿಕೊಂಡೇ ಉಳಿಯಿತು. ಮದುವೆಯಾಯಿತು, ಮಗಳು ಹುಟ್ಟಿದಳು, ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಗಂಡನೂ ಅಳಿಲು ಎಂದೇ ಕರೆದ. ಕೊನೆಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೂಡ ಸಿಟ್ಟಿಲ್ಲದ ದಿನಗಳಲ್ಲಿ ಹಾಗೆಯೇ ಕರೆಯತೊಡಗಿದರು. ಹೆದರುವುದೆಂದರೆ ಅವಳಿಗೆ ಉಸಿರಾಡಿದಷ್ಟೇ ಸಲೀಸು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವಳು. ಮಗಳು ಎರಡು ಸಲ ಸೀನಿದರೆ ಮೂರನೆಯ ಸೀನಿಗೆ ಥರ್ಮಾಮೀಟರ್ ಹಿಡಿದು ನಿಂತಿರುವಳು.

ಆದರೆ ಕೆಲಸದ ಮೇಜಿನ ಮುಂದೆ ಕೂತರೆ ಅವಳ ಕೈ ನಡುಗುತ್ತಿರಲಿಲ್ಲ. ಅವಳ ಕೆಲಸ ರಕ್ತದೊಳಗಿನ ಕಾವಲುಗಾರರದ್ದು. ಆರೋಗ್ಯವಂತರ ರಕ್ತ ತೆಗೆದು, ಅದನ್ನು ಒಂದು ದಟ್ಟ ದ್ರವದ ಮೇಲೆ ಮೆಲ್ಲಗೆ ಇಳಿಸಿ ಗಿರಗಿರನೆ ತಿರುಗಿಸಿದರೆ, ಕೆಳಗೆ ಕೆಂಪು ಕೂರುತ್ತದೆ, ಮೇಲೆ ಹಳದಿ ನಿಲ್ಲುತ್ತದೆ, ನಡುವೆ ತೆಳ್ಳಗಿನ ಮೋಡದ ಎಳೆಯೊಂದು ತೇಲುತ್ತದೆ. ಆ ಮೋಡವೇ ಬಿಳಿ ಕೋಶಗಳು. ಅದನ್ನು ಎರಡು ಪಾಲು ಮಾಡುವುದು. ಒಂದು ಪಾಲನ್ನು ಸುಮ್ಮನೆ ಬೆಚ್ಚಗಿಡುವುದು. ಇನ್ನೊಂದಕ್ಕೆ ಒಂದು ಜಾತಿಯ ಕೆಂಪು ಕಾಳಿನಿಂದ ತೆಗೆದ ಸತ್ವವನ್ನು ಹನಿ ಹಾಕುವುದು. ಸತ್ವ ತಾಗಿದ್ದೇ ತಡ, ನಿದ್ದೆಯಲ್ಲಿದ್ದ ಕೋಶಗಳು ಶತ್ರು ಬಂದನೆಂದು ಎದ್ದು, ಉಬ್ಬಿ, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆಯತೊಡಗುತ್ತವೆ. ಎದ್ದ ಕೋಶದ ಪ್ರೋಟೀನುಗಳೇ ಬೇರೆ, ಮಲಗಿದ ಕೋಶದವೇ ಬೇರೆ. ಎರಡೂ ಪಾಲನ್ನು ಕರಗಿಸಿ, ಜೆಲ್ ಎಂಬ ಪಾರದರ್ಶಕ ಹಾಳೆಯಲ್ಲಿ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬಿಡಿಬಿಡಿಯಾಗಿಸಿ, ಬೆಳ್ಳಿಯ ಬಣ್ಣದಲ್ಲಿ ಅದ್ದಿದರೆ ಒಂದೊಂದೂ ಒಂದೊಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಎಬ್ಬಿಸಿದ ಪಾಲಿನಲ್ಲಿ ಮಾತ್ರ ಬಲಗಡೆ ಕೆಳಮೂಲೆಯಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಒತ್ತಾಗಿ ಮೂಡುತ್ತಿದ್ದವು. ಅಳಿಲು ಅವಕ್ಕೆ ನಾಲ್ವರು ಅಣ್ಣತಮ್ಮಂದಿರು ಎನ್ನುತ್ತಿದ್ದಳು. ವಯಸ್ಸಾದಂತೆ ಈ ಅಣ್ಣತಮ್ಮಂದಿರು ಸೋಮಾರಿಗಳಾಗುತ್ತಾರೆಯೇ ಎಂಬುದೇ ಮೇಡಂ ಅವರ ಪ್ರಶ್ನೆ. ಹಾಗಾಗಿ ಐವತ್ತು ದಾಟಿದ ಗಟ್ಟಿಮುಟ್ಟಾದ ಜನ ಬೇಕಾಗಿದ್ದರು.

ಗಟ್ಟಿಮುಟ್ಟು ಎಂದಾಗ ಅಳಿಲಿಗೆ ಹೊಳೆದದ್ದು ಒಂದೇ ಮುಖ. ಸಂಶೋಧನಾಲಯದ ಗೇಟಿನೆದುರು ಒಂದು ಡ್ರೈವಿಂಗ್ ಸ್ಕೂಲ್. ಅದನ್ನು ನಡೆಸುವವರನ್ನು ಬೀದಿಯೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು. ದೊಡ್ಡ ಗಂಟಲು, ದೊಡ್ಡ ಮೀಸೆ, ಲಾರಿ ಮೈಮೇಲೆ ಬಂದರೂ ಕಣ್ಣು ಮಿಟುಕಿಸದ ಆಸಾಮಿ. ಅಳಿಲು ಅವರಲ್ಲಿ ಕಾರು ಕಲಿಯಲು ಸೇರಿ ವರ್ಷವೇ ಕಳೆದಿತ್ತು. ಇನ್ನೂ ಮೂರನೇ ಗೇರ್ ಕಂಡಿರಲಿಲ್ಲ.

"ರಕ್ತಾನಾ? ನನ್ನ ಬಂಪರ್ ಜಜ್ಜಿದ್ದು ಸಾಲದು ಅಂತ ಈಗ ನನ್ನನ್ನೇ ಚುಚ್ಚೋಕೆ ಬಂದ್ಯಾ?" ಎಂದು ನಕ್ಕರು ಮೇಷ್ಟ್ರು. ಆದರೂ ಬಂದರು.

ಬಂದು ಕುರ್ಚಿಯಲ್ಲಿ ಕೂತ ಮೇಲೆ ಅವರ ದನಿ ಅಡಗಿತು. ತೋಳು ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಹುಲಿಯಂಥ ಮನುಷ್ಯ ಸೂಜಿಗೆ ಹೆದರುತ್ತಾರೆ! ಅಳಿಲಿಗೆ ನಗು ಬಂತು. ಅಷ್ಟರಲ್ಲಿ ಎಡಗೈ ಗ್ಲೌಸ್ ಎಳೆದುಕೊಳ್ಳುವಾಗ ಹರಿಯಿತು. ಡಬ್ಬಿಯಲ್ಲಿ ಇನ್ನೊಂದಿರಲಿಲ್ಲ, ಕೆಳಗಿನ ಉಗ್ರಾಣದಿಂದ ತರಬೇಕು.

"ಬೇಗ ಮುಗಿಸಮ್ಮ, ಕಾರಿನಲ್ಲಿ ಕಲಿಯೋಳೊಬ್ಬಳನ್ನ ಕೂರಿಸಿ ಬಂದಿದ್ದೀನಿ. ಅವಳು ಏನಾದ್ರೂ ಹ್ಯಾಂಡ್‌ಬ್ರೇಕ್ ಬಿಟ್ಟಾಳು," ಎಂದರು ಮೇಷ್ಟ್ರು ಕಣ್ಣು ಬಿಡದೆ.

ಒಂದು ಕೈಗಷ್ಟೇ ತಾನೆ ಎಂದುಕೊಂಡು ಅಳಿಲು ಬರಿಗೈಯಲ್ಲೇ ತೋಳು ಹಿಡಿದಳು. ನರ ಒಂದೇ ಸಲಕ್ಕೆ ಸಿಕ್ಕಿತು. ರಕ್ತ ಟ್ಯೂಬಿಗೆ ಹೋಯಿತು. ಎಲ್ಲ ಮುಗಿದ ಮೇಲೆ, ಬಳಸಿದ ಸೂಜಿಯನ್ನು ನೇರವಾಗಿ ಗಟ್ಟಿ ಡಬ್ಬಿಗೆ ಹಾಕುವ ಬದಲು, ಯಾವುದೋ ಗಳಿಗೆಯಲ್ಲಿ ಅದರ ಮುಚ್ಚಳ ಹಾಕಹೊರಟಳು. ಮೇಡಂ ನೂರು ಸಲ ಬೇಡವೆಂದಿದ್ದ ಕೆಲಸ ಅದು. ಸೂಜಿ ಮುಚ್ಚಳ ತಪ್ಪಿ ಅವಳ ಎಡಗೈ ಹೆಬ್ಬೆರಳಿಗೆ ಇಳಿಯಿತು.

"ಸ್..."

"ಏನಾಯ್ತಮ್ಮ?"

"ಏನಿಲ್ಲ ಮೇಷ್ಟ್ರೇ. ಮುಗೀತು, ಕಣ್ಣು ಬಿಡಿ."

ಮೇಷ್ಟ್ರು ಹೋದ ಮೇಲೆ ಅವಳು ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ಒಂದು ಕೆಂಪು ಮಣಿ ಮೂಡಿತು, ಹೋಯಿತು. ಚರ್ಮದ ಮೇಲೆ ಗುರುತೂ ಉಳಿಯಲಿಲ್ಲ. ನಿಯಮವೇನೋ ಅವಳಿಗೆ ಬಾಯಿಪಾಠವಾಗಿತ್ತು: ಚುಚ್ಚಿಕೊಂಡರೆ ಕೂಡಲೇ ಹೇಳಬೇಕು, ಆಸ್ಪತ್ರೆಗೆ ಹೋಗಬೇಕು, ಎಚ್‌ಐವಿ ತಗಲದಂತೆ ತಡೆಯುವ ಔಷಧಿಯನ್ನು ಮೂರು ದಿನದೊಳಗೆ ಶುರುಮಾಡಬೇಕು. ಆದರೆ ಹಿಂದಿನ ವರ್ಷ ಗ್ಲೌಸ್ ಇಲ್ಲದೆ ರಕ್ತ ಮುಟ್ಟಿದ ಸಹಾಯಕನೊಬ್ಬನನ್ನು ಮೇಡಂ ಅದೇ ಮಧ್ಯಾಹ್ನ ಮನೆಗೆ ಕಳಿಸಿದ್ದು ಅವಳ ಕಣ್ಣೆದುರೇ ನಡೆದಿತ್ತು. ಅದೂ ಅಲ್ಲದೆ ಮೇಷ್ಟ್ರು ಗುಂಡುಕಲ್ಲಿನಂಥವರು, ಅವರಿಗೇನಿರುತ್ತದೆ? ಹೀಗೆ ತನಗೆ ತಾನೇ ಹೇಳಿಕೊಂಡು ಬಾಯಿ ಹೊಲಿದುಕೊಂಡಳು. ಜಗತ್ತಿನಲ್ಲಿರುವ ಎಲ್ಲದಕ್ಕೂ ಹೆದರುವ ಹೆಂಗಸು, ಹೆದರಲೇಬೇಕಾದ ಒಂದಕ್ಕೆ ಮಾತ್ರ ಹೆದರಲಿಲ್ಲ. ಅಥವಾ ಮೇಡಂ ಮೇಲಿನ ಹೆದರಿಕೆಯೇ ಅದನ್ನು ನುಂಗಿಹಾಕಿತು.

ಕೋಶಗಳನ್ನು ಎಬ್ಬಿಸಲು ಬೇಕಾದದ್ದೂ ಮೂರೇ ದಿನ. ಅದು ಕಳೆದು, ಜೆಲ್ ಓಡಿ, ಬೆಳ್ಳಿಯ ಬಣ್ಣಕ್ಕೆ ಬೀಳುವಷ್ಟರಲ್ಲಿ ವಾರವೇ ಸರಿಯಿತು. ಒಂದು ಬೆಳಿಗ್ಗೆ ಅಳಿಲು ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ಅಲ್ಲಾಡಿಸುತ್ತ ನಿಂತಿದ್ದಳು. ಎಬ್ಬಿಸಿದ ಪಾಲಿನಲ್ಲಿ ಅಣ್ಣತಮ್ಮಂದಿರು ಬಂದರು. ಸರಿ. ಸುಮ್ಮನಿಟ್ಟ ಪಾಲಿನಲ್ಲಿ ಮೊದಲು ಎಲ್ಲ ಮಸುಕು. ಆಮೇಲೆ ಬಲಗಡೆ ಕೆಳಮೂಲೆಯಲ್ಲಿ ಒಂದು ಕಂದು ನೆರಳು, ಅದರ ಪಕ್ಕ ಇನ್ನೊಂದು. ನೋಡನೋಡುತ್ತ ನಾಲ್ಕೂ ಚುಕ್ಕೆಗಳು ಅಲ್ಲಿಯೂ ಮೂಡಿ, ಕಂದು ಹೋಗಿ ಕಪ್ಪಾಗಿ, ಅವಳನ್ನೇ ದಿಟ್ಟಿಸಿದವು.

ಯಾರೂ ಎಬ್ಬಿಸದ ಕೋಶಗಳು ಎದ್ದು ಕೂತಿದ್ದವು.

ಮೇಡಂ ಬಂದು ಕನ್ನಡಕ ಏರಿಸಿ ನೋಡಿದರು. "ಟ್ಯೂಬ್ ಅದಲುಬದಲು ಮಾಡಿದ್ದೀಯ. ಎಲ್ಲಿತ್ತು ನಿನ್ನ ಗಮನ?"

"ಇಲ್ಲ ಮೇಡಂ."

"ಹಾಗಾದ್ರೆ ಇನ್ನೊಂದ್ಸಲ ಮಾಡು."

ಫ್ರೀಜರಿನಲ್ಲಿ ಉಳಿದಿದ್ದ ಪಾಲಿನಿಂದ ಮತ್ತೆ ಮಾಡಿದಳು. ಈ ಸಲ ಪ್ರತಿ ಟ್ಯೂಬಿನ ಗುರುತನ್ನೂ ಗಟ್ಟಿಯಾಗಿ ಓದಿಕೊಂಡೇ ಮಾಡಿದಳು. ಚುಕ್ಕೆಗಳು ಮತ್ತೆ ಬಂದವು, ಅಷ್ಟೇ ಕಪ್ಪಾಗಿ.

"ಹಾಗಿದ್ರೆ ತಪ್ಪು ನಿಂದಲ್ಲ," ಎಂದರು ಮೇಡಂ. "ದಾನಿಗೇ ಏನೋ ಇದೆ. ಒಳಗೆ ಸೋಂಕಿದ್ರೆ ಹೀಗಾಗತ್ತೆ. ವೈರಸ್ ಜೊತೆ ಹೋರಾಡೋಕೆ ಕೋಶಗಳು ಆಗಲೇ ಎದ್ದಿರ್ತವೆ. ಈ ಸ್ಯಾಂಪಲ್ ಲೆಕ್ಕಕ್ಕಿಲ್ಲ, ಬಿಸಾಕು." ಬಾಗಿಲವರೆಗೆ ಹೋದವರು ತಿರುಗಿದರು. "ಗ್ಲೌಸ್ ಹಾಕಿದ್ದೆ ತಾನೆ?"

"ಹ್ಞೂಂ ಮೇಡಂ," ಎಂದಳು ಅಳಿಲು. ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿಕೊಂಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅಂದಿನಿಂದ ಅವಳ ಬದುಕಿಗೆ ಗರ ಬಡಿಯಿತು. ಔಷಧಿಯ ಮೂರು ದಿನ ಎಂದೋ ದಾಟಿಹೋಗಿತ್ತು. ಮನೆಯಲ್ಲಿ ತನ್ನ ಟವೆಲನ್ನು ಬೇರೆ ಮೊಳೆಗೆ ಹಾಕಿದಳು. ಬ್ರಷ್ಷನ್ನು ಕಪಾಟಿನೊಳಗೆ ಬಚ್ಚಿಟ್ಟಳು. ಮುಟ್ಟಿದರೆ, ಒಟ್ಟಿಗೆ ಉಂಡರೆ ಅದು ಹರಡುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದದ್ದು ತಲೆಗೆ, ಕೈಗೆ ಗೊತ್ತಾಗಬೇಕಲ್ಲ. ಮಗಳ ಮುಂದಿನ ಹಾಲುಹಲ್ಲು ಅಲ್ಲಾಡುತ್ತಿತ್ತು. "ಅಮ್ಮಾ, ನೀನೇ ಕೀಳು," ಎಂದು ಬಾಯಿ ತೆರೆದು ಮಡಿಲಿಗೆ ಬಂದಳು. ಅಳಿಲು ಹಾವು ತುಳಿದವಳಂತೆ ಎದ್ದು ದೂರ ನಿಂತಳು. ಮಗುವಿನ ಒಸಡಿನಲ್ಲಿ ರಕ್ತ, ತನ್ನ ಹೆಬ್ಬೆರಳಿನಲ್ಲಿ ಏನಿದೆಯೋ. "ಅಪ್ಪನ ಹತ್ರ ಹೋಗು!" ಎಂದು ಕೂಗಿಯೇಬಿಟ್ಟಳು. ಮಗಳು ಅಳುತ್ತ ಹೋದಳು.

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಗಂಡ, ಮಗಳನ್ನು ಸಮಾಧಾನಪಡಿಸಿ ಬಂದು ಕೇಳಿದ. "ಏನಾಗಿದೆ ನಿನಗೆ? ನನ್ನ ಮೇಲೆ ಕೋಪಾನಾ?"

"ಇಲ್ಲ. ಕೆಲಸದ ತಲೆಬಿಸಿ."

"ಕೆಲಸದ ತಲೆಬಿಸಿಗೆ ಯಾರಾದ್ರೂ ನೆಲದ ಮೇಲೆ ಹಾಸಿಗೆ ಹಾಕ್ಕೊಂಡು ಮಲಗ್ತಾರಾ?"

ನುಂಗಲಾರದ ತುತ್ತು, ಉಗುಳಲಾರದ ತುತ್ತು. ಕೊನೆಗೆ ಒಂದೇ ದಾರಿ ಕಂಡಿತು: ಮೇಷ್ಟ್ರಿಗೆ ಏನಾಗಿದೆಯೆಂದು ಮೇಷ್ಟ್ರನ್ನೇ ಕೇಳುವುದು.

ಮರುದಿನದ ಪಾಠಕ್ಕೆ ಹೋದಳು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು, ಎಂದಿನಂತೆ "ಕ್ಲಚ್ ಅಂದ್ರೆ ಮಲಗಿರೋ ಮಗು ಕೈಯಿಂದ ಗೊಂಬೆ ತೆಗೆದ ಹಾಗೆ ಬಿಡಬೇಕು, ಹಾವು ಕಂಡವರ ಹಾಗಲ್ಲ," ಎಂದು ಹೇಳುತ್ತಿದ್ದರು. ಅವಳು ಓರೆಗಣ್ಣಿನಲ್ಲಿ ಅವರನ್ನೇ ನೋಡುತ್ತಿದ್ದಳು. ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿತ್ತು. ಮೊದಲೂ ಹೀಗೇ ಇತ್ತೇ?

"ಮೇಷ್ಟ್ರೇ, ಇತ್ತೀಚೆಗೆ ಜ್ವರಗಿರ ಬಂದಿತ್ತಾ?"

"ನನಗಾ? ನನ್ನ ಕಂಡ್ರೆ ಜ್ವರಕ್ಕೇ ಜ್ವರ ಬರತ್ತೆ. ಮುಂದೆ ನೋಡು."

"ರಾತ್ರಿ ಬೆವರೋದು?"

"ಬೆವರತ್ತಪ್ಪ. ಸೆಖೆ. ಬನಿಯನ್ ಹಿಂಡೋ ಹಾಗಾಗತ್ತೆ." ಮೇಷ್ಟ್ರು ಹೊಟ್ಟೆ ತಟ್ಟಿಕೊಂಡರು. "ಒಳ್ಳೇದೇ ಆಯ್ತು ಬಿಡು. ಹೊಟ್ಟೆ ಕರಗಿದೆ. ನಮ್ಮವಳು ಎರಡು ಸಲ ಪ್ಯಾಂಟು ಹಿಡಿದು ಹೊಲಿದಳು."

ಬೆವರು, ತೂಕ ಇಳಿಯುವುದು, ಎದ್ದು ಕೂತ ಕೋಶಗಳು. ಕಾರನ್ನು ರಸ್ತೆಯ ಅಂಚಿಗೆ ತಂದಳೋ, ಅದೇ ಬಂದು ನಿಂತಿತೋ, ಅವಳಿಗೆ ನೆನಪಿಲ್ಲ. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಹರಿದ ಗ್ಲೌಸ್, ಹೆಬ್ಬೆರಳು, ಚುಕ್ಕೆಗಳು, ಮೇಡಂ ಹೇಳಿದ ಸೋಂಕು.

ಮೇಷ್ಟ್ರು ಸಿಡಿದರು. "ಅಂದ್ರೆ ಏನು ಹೇಳ್ತಿದ್ದೀಯ? ನನಗೆ ಏಡ್ಸ್ ಇದೆ ಅಂತಾನಾ? ಮೂವತ್ತು ವರ್ಷ ಒಬ್ಬಳ ಜೊತೆ ಸಂಸಾರ ಮಾಡಿದೋನು ನಾನು!"

"ನಾನು ಹಾಗೆ ಹೇಳಿಲ್ಲ ಮೇಷ್ಟ್ರೇ. ಸೋಂಕು ಬರೋದಕ್ಕೆ ಹತ್ತು ದಾರಿ ಇರತ್ತೆ. ಕಾಮಾಲೆಯದೂ ಇರಬಹುದು..."

"ನಿನ್ನ ಬೆರಳಿಗೆ ಚುಚ್ಚಿದ್ದು ನಿನ್ನ ತಪ್ಪು. ಅದಕ್ಕೆ ನನ್ನ ರಕ್ತದಲ್ಲಿ ಹುಳ ಹುಡುಕ್ತೀಯಾ?" ಎಂದು ಬಾಗಿಲು ತೆಗೆದು ಇಳಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಮತ್ತೆ ಬಂದು ಕೂತಾಗ ಮುಖ ಬಿಳಿಚಿತ್ತು. ಹತ್ತು ವರ್ಷದ ಹಿಂದೆ ಒಂದು ಅಪಘಾತವಾಗಿ, ಯಾವುದೋ ಸಣ್ಣ ಆಸ್ಪತ್ರೆಯಲ್ಲಿ ತನಗೆ ರಕ್ತ ಕೊಟ್ಟಿದ್ದರು ಎಂದರು. ಯಾರ ರಕ್ತವೋ ಏನೋ. ಅವರ ದನಿ ಇಷ್ಟು ಸಣ್ಣದಾಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ. "ನಮ್ಮವಳಿಗೆ ಈಗಲೇ ಏನೂ ಹೇಳಬೇಡ," ಎಂದರು.

ಇಬ್ಬರು ಹೆದರುಪುಕ್ಕಲರೂ ಆ ದಿನವೇ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು. ಇಬ್ಬರ ರಕ್ತವನ್ನೂ ತೆಗೆಸಿದರು, ವರದಿ ಬರಲು ಎರಡು ದಿನವಾಗುತ್ತದೆ ಎಂದರು. ಮೇಷ್ಟ್ರ ಕುತ್ತಿಗೆಯನ್ನೂ ಕಂಕುಳನ್ನೂ ಒತ್ತಿ ನೋಡುವಾಗ ಡಾಕ್ಟರಮ್ಮನ ಹುಬ್ಬು ಸ್ವಲ್ಪ ಗಂಟಾದದ್ದನ್ನು ಅಳಿಲು ಕಂಡಳು. ಆದರೆ ಅವಳ ತಲೆಯ ತುಂಬ ತನ್ನದೇ ಹೆಬ್ಬೆರಳಿತ್ತು. ಚುಚ್ಚಿಕೊಂಡದ್ದನ್ನು ಕೆಲಸದ ಜಾಗದಲ್ಲಿ ತಿಳಿಸಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅಲ್ಲಿಂದ ನೇರ ಮೇಡಂ ಕೋಣೆಗೆ ಹೋಗಿ ನಿಂತಳು.

ಕೇಳಿದ ಮೇಡಂ ಕುರ್ಚಿಯಿಂದ ಎದ್ದರು, ಮತ್ತೆ ಕೂತರು. "ನನಗೆ ಹೆದರಿ ಸಾಯೋಕೆ ಹೊರಟಿದ್ಯೇನೇ?" ಎಂದರು. ಬೈಗುಳ ಬರುತ್ತದೆಂದು ಅವಳು ಕಾದಳು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದರು. ಅದು ಒರೆಸಿ ಮುಗಿಯಲೇ ಇಲ್ಲ. "ನಾಳೆಯಿಂದ ನೀನು ರಕ್ತ ಮುಟ್ಟೋ ಹಾಗಿಲ್ಲ. ಹೋಗು, ಮನೆಗೆ ಹೋಗಿ ಗಂಡನಿಗೆ ಹೇಳು. ಮೊದಲು ಅದನ್ನ ಮಾಡು."

ಗಂಡನಿಗೆ ಹೇಳಿದಳು. ಅವನು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಬೇರೆ ಮೊಳೆಯಲ್ಲಿ ನೇತುಹಾಕಿದ್ದ ಅವಳ ಟವೆಲನ್ನು ತಂದು ಅದರಲ್ಲೇ ಮುಖ ಒರೆಸಿಕೊಂಡ. ಅಳಿಲು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

ವರದಿಯ ದಿನ ಅವಳೂ ಮೇಷ್ಟ್ರೂ ಡಾಕ್ಟರಮ್ಮನ ಎದುರು ಪಕ್ಕಪಕ್ಕ ಕೂತರು. ಮೇಷ್ಟ್ರು ಮೀಸೆಯ ತುದಿ ಹಿಡಿದೇ ಇದ್ದರು. ಡಾಕ್ಟರಮ್ಮ ಕಾಗದಗಳನ್ನು ಒಂದರ ಮೇಲೊಂದು ಇಟ್ಟರು.

"ಎಚ್‌ಐವಿ ಇಲ್ಲ. ಕಾಮಾಲೆಯ ಎರಡು ವೈರಸ್ಸೂ ಇಲ್ಲ. ಇಬ್ಬರಿಗೂ ಇಲ್ಲ," ಎಂದರು. ಆಮೇಲೆ ಮೇಷ್ಟ್ರ ಕಡೆ ಕುರ್ಚಿ ತಿರುಗಿಸಿಕೊಂಡರು. "ಆದ್ರೆ ನಿಮ್ಮ ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇವೆ. ಇದು ಹೊರಗಿಂದ ಬಂದ ಸೋಂಕಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ನಿಮ್ಮವೇ ಕೋಶಗಳು ತಾವಾಗಿ ಬೆಳೀತಾ ಇರೋ ಹಾಗೆ ಕಾಣತ್ತೆ..."

"ಸದ್ಯ!"

ಆ ಮಾತು ಅಳಿಲಿನ ಬಾಯಿಂದ ಬಂದಿತ್ತು. ಗಟ್ಟಿಯಾಗಿ, ಉಸಿರಿನ ಜೊತೆ, ಒಂದು ಚೂರು ನಗುವೂ ಬೆರೆತು. ಅಂಟುವುದಿಲ್ಲ ಎಂಬುದಷ್ಟೇ ಅವಳಿಗೆ ಕೇಳಿಸಿತ್ತು. ಉಳಿದದ್ದು ಏನೆಂದು ಅರ್ಥವಾಗುವ ಹೊತ್ತಿಗೆ ಡಾಕ್ಟರಮ್ಮ ಮೇಜು ನೋಡುತ್ತಿದ್ದರು. ಮೇಷ್ಟ್ರು ಅವಳನ್ನು ನೋಡುತ್ತಿದ್ದರು. ಕೋಪದ ನೋಟವಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳನ್ನು ನೋಡುವಂತೆ.

ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಡಾಕ್ಟರಮ್ಮ ಮುಂದಿನದನ್ನು ಹೇಳಿದರು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಬೇಕು, ತಡಮಾಡುವ ಹಾಗಿಲ್ಲ. ರಕ್ತದ ಕ್ಯಾನ್ಸರ್ ಇರಬಹುದು, ಆದರೆ ಮುಂಚೆಯೇ ಸಿಕ್ಕಿದೆ, ಚಿಕಿತ್ಸೆಯಿದೆ. ಮೇಷ್ಟ್ರು ಎಲ್ಲದಕ್ಕೂ "ಆಯ್ತು, ಆಯ್ತು" ಎಂದರು. ಹೊರಗೆ ಬಂದ ಮೇಲೆ ಅಳಿಲು "ಮೇಷ್ಟ್ರೇ..." ಎಂದಳು. ಅವರು ಕೈ ಎತ್ತಿ ಬೇಡ ಎಂದು ತೋರಿಸಿ, ಕಾರು ಅಲ್ಲೇ ಇದ್ದರೂ ನಡೆದುಕೊಂಡೇ ಹೋದರು.

ಮಜ್ಜೆ ಪರೀಕ್ಷೆಯ ದಿನ ಮೇಷ್ಟ್ರು ಆಸ್ಪತ್ರೆಗೆ ಹೋಗಲಿಲ್ಲ. ಡ್ರೈವಿಂಗ್ ಸ್ಕೂಲಿನ ಶಟರ್ ಇಳಿದಿತ್ತು. ಅಳಿಲು ಫೋನ್ ಮಾಡಿದರೆ ಎತ್ತಲಿಲ್ಲ. ದಿನವೂ ಗೇಟು ದಾಟುವಾಗ ಅವಳು ಆ ಶಟರ್ ನೋಡುತ್ತ ನಿಂತುಬಿಡುತ್ತಿದ್ದಳು. ತನ್ನ ತಲೆಗೆ ಬಂದದ್ದು ಹೋಗಿತ್ತು. ಈಗ ಸುಮ್ಮನಿದ್ದರೂ ಯಾರೂ ಕೇಳುವವರಿಲ್ಲ. ಆದರೆ ಎದ್ದ ಕೋಶ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ತಾನು ಇಲ್ಲಿ ನಿಂತು ಶಟರ್ ನೋಡುತ್ತಿರುವಾಗಲೂ ಆಗುತ್ತಿರುತ್ತದೆ. ಹಿಂದಿನ ಹೆದರಿಕೆಗಿಂತ ಇದು ಕೆಟ್ಟದಾಗಿತ್ತು. ಏಕೆಂದರೆ ಈ ಸಲ ಹೆದರುತ್ತಿದ್ದದ್ದು ಅವಳೊಬ್ಬಳೇ. ಹೆದರಬೇಕಾದವರು ಬಾಗಿಲು ಹಾಕಿಕೊಂಡು ಮಲಗಿದ್ದರು.

ಮೇಷ್ಟ್ರ ಮನೆ ಸ್ಕೂಲಿನ ಹಿಂದಿನ ಬೀದಿಯಲ್ಲೇ. ಬಾಗಿಲು ತೆಗೆದವರು ಅವರ ಹೆಂಡತಿ. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯಲ್ಲಿ ಎರಡು ಗುಂಡುಪಿನ್ನು. ಮುಂದಿನ ಕೋಣೆಯ ತುಂಬ ಯಾರದೋ ಮನೆಯ ಪರದೆ ಬಟ್ಟೆ ಹರಡಿತ್ತು.

"ಅವರಿಗೆ ಹೊಟ್ಟೆ ಸರಿಯಿಲ್ಲಮ್ಮ, ಮಲಗಿದ್ದಾರೆ," ಎಂದರು ಆಕೆ ಪಿನ್ನು ತೆಗೆದು.

"ಹೊಟ್ಟೆ ಅಲ್ಲ ಅಕ್ಕ," ಎಂದಳು ಅಳಿಲು. ಹೇಳುತ್ತ ಹೋದಳು. ಬಚ್ಚಿಡಬಹುದಾಗಿದ್ದ ಒಂದು ಮಾತಿತ್ತು. ಅದನ್ನೂ ಹೇಳಿದಳು. "ಡಾಕ್ಟರ್ ಹಾಗಂದಾಗ ನಾನು 'ಸದ್ಯ' ಅಂದುಬಿಟ್ಟೆ ಅಕ್ಕ. ಅವರ ಎದುರಿಗೇ."

ಆಕೆ ಪರದೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ, ಬಿಡಿಸುತ್ತ ಕೂತರು. "ಪ್ಯಾಂಟು ಎರಡನೇ ಸಲ ಹಿಡಿಯುವಾಗಲೇ ನನ್ನ ಮನಸ್ಸು ಹೇಳ್ತು," ಎಂದರು. "ಕೇಳಿದ್ರೆ ಎಲ್ಲಿ ಹೌದು ಅಂತಾರೋ ಅಂತ ಕೇಳಲಿಲ್ಲ. ನಿನ್ನ 'ಸದ್ಯ'ಕ್ಕಿಂತ ನಾನು ಬಾಯಿ ಮುಚ್ಚಿಕೊಂಡಿದ್ದೇನು ಸಣ್ಣ ತಪ್ಪಲ್ಲ ಬಿಡು." ಎದ್ದು ಒಳಕೋಣೆಯ ಬಾಗಿಲು ತಟ್ಟಿದರು. "ಕೇಳಿಸ್ತಾ? ಎಲ್ಲಾ ಗೊತ್ತಾಯ್ತು. ಬೀದಿಗೆಲ್ಲಾ ಹುಲಿ, ಸೂಜಿ ಮುಂದೆ ಇಲಿ! ಎದ್ದು ಬನ್ನಿ."

ಚಿಲಕ ಕದಲಲಿಲ್ಲ.

"ನೀವು ಬರಲಿಲ್ಲ ಅಂದ್ರೆ ಡಾಕ್ಟರನ್ನೇ ಇಲ್ಲಿಗೆ ಕರೆಸ್ತೀನಿ. ಅಕ್ಕಪಕ್ಕದವರೆಲ್ಲ ನೋಡಲಿ," ಎಂದರು ಆಕೆ. ದನಿ ಒಡೆದಿತ್ತು. ಬಾಗಿಲಿಗೆ ಹಣೆಯೊತ್ತಿ ನಿಂತರು. "ಏನ್ರೀ... ನನಗೆ ಹೆದರಿಕೆ ಆಗ್ತಿದೆ ಕಣ್ರೀ. ಬನ್ನಿ."

ಚಿಲಕ ತೆಗೆದ ಸದ್ದಾಯಿತು.

ಮಜ್ಜೆ ತೆಗೆಯುವ ಕೋಣೆಯಲ್ಲಿ ಮೇಷ್ಟ್ರನ್ನು ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿಸಿದರು. ಹೆಂಡತಿಗೆ ಒಳಗೆ ಕಾಲಿಟ್ಟ ಕೂಡಲೇ ತಲೆ ಸುತ್ತಿ, ನರ್ಸ್ ಹೊರಗೆ ಕೂರಿಸಿದಳು. ಹಾಗಾಗಿ ಗೋಡೆ ಮತ್ತು ಮಂಚದ ನಡುವಿನ ಇಕ್ಕಟ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತವಳು ಅಳಿಲು. ಮೇಷ್ಟ್ರು ಅವಳನ್ನು ನೋಡಿದರು. ಸೂಜಿಯ ಟ್ರೇ ಉರುಳಿ ಬರುವ ಸದ್ದು ಕೇಳಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ಯಾರಿಗೆ ಸದ್ಯ?" ಎಂದರು ಮೆಲ್ಲಗೆ.

ಅವಳಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ನನಗೆ ಮೇಷ್ಟ್ರೇ. ನನಗಷ್ಟೇ."

"ಹ್ಞೂಂ." ಹಿಂದಿನಿಂದ ಡಾಕ್ಟರು, ಈಗ ಒಂದು ಸಣ್ಣ ಚುಚ್ಚು, ಮರಗಟ್ಟಿಸೋ ಮದ್ದು ಎಂದರು. ಮೇಷ್ಟ್ರು ಹಲ್ಲು ಕಚ್ಚಿದರು. "ಮರೀತೀನಿ ಅಂತ ಹೇಳಲ್ಲ ನಾನು. ಸುಳ್ಳಾಗತ್ತೆ."

"ಬೇಡಿ, ಮರೀಬೇಡಿ."

"ಏನಾದ್ರೂ ಮಾತಾಡು. ಸುಮ್ಮನಿರಬೇಡ."

ಅವಳಿಗೆ ಬೇರೇನೂ ತೋಚಲಿಲ್ಲ. ರಕ್ತದಿಂದ ಮೋಡ ತೆಗೆಯುವುದನ್ನು ಹೇಳಿದಳು, ಕಾಳಿನ ಸತ್ವ, ಅಣ್ಣತಮ್ಮಂದಿರ ಕಥೆ ಹೇಳಿದಳು. ದೊಡ್ಡ ಸೂಜಿ ಮೂಳೆಗೆ ಇಳಿದಾಗ ಮೇಷ್ಟ್ರ ಹಿಡಿತಕ್ಕೆ ಅವಳ ಕೈ ಮರಗಟ್ಟಿತು. ಅವಳು ನಿಲ್ಲಿಸಲಿಲ್ಲ. ಅವರ ಕಣ್ಣಿನಿಂದ ನೀರು ಮೂಗಿನ ಮೇಲೆ ಹಾದು ದಿಂಬಿಗೆ ಬೀಳುತ್ತಿತ್ತು. "ಆಮೇಲೆ?" ಎನ್ನುತ್ತಿದ್ದರು, "ಆಮೇಲೆ?"

ರಕ್ತದ ಕ್ಯಾನ್ಸರೇ. ಚಿಕಿತ್ಸೆ ಶುರುವಾಯಿತು. ಮೊದಲ ತಿಂಗಳಲ್ಲಿ ಮೀಸೆ ಉದುರಿತು. ಒಂದು ಸಲ ಜ್ವರ ಬಂದು ಇಳಿಯದೆ, ಇನ್ನೇನು ಕೈಬಿಟ್ಟಂತೆಯೇ ಎನಿಸಿ, ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಅಳಿಲು ಕೆಲಸ ಮುಗಿಸಿ ಬಂದು ಅವರ ಪಕ್ಕ ಕೂರುತ್ತಿದ್ದಳು. ಅಲ್ಲಿ ಮಾಡಲು ಅವಳಿಗೆ ಬೇರೆ ಕೆಲಸವಿರಲಿಲ್ಲ. ಮೇಷ್ಟ್ರು ಕೆಲವು ದಿನ ಅವಳೊಡನೆ ಮಾತಾಡುತ್ತಿದ್ದರು, ಕೆಲವು ದಿನ ಗೋಡೆಗೆ ತಿರುಗಿ ಮಲಗುತ್ತಿದ್ದರು. ಎರಡನ್ನೂ ಅವಳು ಒಪ್ಪಿಕೊಂಡಳು. ಖಾತ್ರಿಗೆಂದು ಮೂರು ತಿಂಗಳ ಮೇಲೆ ಮಾಡಿಸಿದ ಅವಳ ಎರಡನೇ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಗಂಡನಿಗೆ ಹೇಳಿದಳು, ಮೇಡಂಗೆ ಹೇಳಿದಳು. ಮೇಷ್ಟ್ರಿಗೆ ಹೇಳಲು ಬಾಯಿ ಬರಲಿಲ್ಲ.

ಚಿಕಿತ್ಸೆಯ ಕೊನೆಯ ವರದಿ ಬರಬೇಕಿದ್ದ ಮಧ್ಯಾಹ್ನ ಅವಳು ಪ್ರಯೋಗಾಲಯದಲ್ಲಿ ಜೆಲ್ ಎರೆಯುತ್ತಿದ್ದಳು. ಫೋನ್ ಬಡಿದುಕೊಂಡಿತು. ಮೇಷ್ಟ್ರ ಹೆಂಡತಿ. ಕಿವಿಗಿಟ್ಟರೆ ಬರೀ ಅಳು. ಮಾತೇ ಇಲ್ಲ, ಬಿಕ್ಕಿ ಬಿಕ್ಕಿ ಅಳು. ಅಳಿಲು ಮೇಜಿನ ಅಂಚು ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು. ಎದುರಿನ ಮೇಜಿನಿಂದ ಮೇಡಂ ಎದ್ದು ಬರುತ್ತಿದ್ದದ್ದು ಕಂಡಿತು.

"ಅಕ್ಕ... ಅಕ್ಕ, ಹೇಳಿ..."

ಅತ್ತ ಕಡೆ ಫೋನ್ ಕೈ ಬದಲಾಯಿತು. "ಅವಳಿಗೆ ಖುಷಿಗೂ ಅಳೋದೇ ಗೊತ್ತಿರೋದು," ಎಂದಿತು ಮೇಷ್ಟ್ರ ದನಿ. ಬಡಕಲಾಗಿತ್ತು, ಆದರೆ ಅವರದೇ. "ರಕ್ತ ಸರಿಯಾಗಿದೆಯಂತೆ. ಮೂರು ತಿಂಗಳಿಗೊಂದ್ಸಲ ಬಂದು ಚುಚ್ಚಿಸ್ಕೋಬೇಕಂತೆ, ಜೀವಮಾನ ಪೂರ್ತಿ. ಅದಕ್ಕಿಂತ... ಹೋಗಲಿ ಬಿಡು. ಕೇಳಿಸ್ತಿದೆಯಾ? ಯಾಕೆ ಉಸಿರೇ ಇಲ್ಲ?"

"ಕೇಳಿಸ್ತಿದೆ ಮೇಷ್ಟ್ರೇ."

"ನಿನ್ನ ಎರಡನೇ ರಿಪೋರ್ಟ್ ಏನಾಯ್ತು? ಅವತ್ತಿಂದ ಒಂದು ಮಾತು ಹೇಳಿಲ್ಲ ನೀನು."

"ಏನೂ ಇಲ್ಲ ಅಂತ ಬಂತು."

ಅತ್ತ ಯಾರೋ ಮೂಗು ಒರೆಸಿಕೊಂಡ ಸದ್ದು, ಆಸ್ಪತ್ರೆಯ ಗಾಡಿಯೊಂದು ಕಿರಗುಟ್ಟುತ್ತ ಹೋದ ಸದ್ದು.

"ಒಳ್ಳೇದಾಯ್ತು," ಎಂದರು ಮೇಷ್ಟ್ರು. "ಸಂಜೆ ಬಾ. ಬರೋವಾಗ ಈ ಆಸ್ಪತ್ರೆ ಊಟ ಬಿಟ್ಟು ಏನಾದ್ರೂ ತಗೊಂಡು ಬಾ."

ಮೇಡಂ ಅವಳ ಎದುರು ಬಂದು ನಿಂತಿದ್ದರು. "ಏನಂತೆ?" ಎಂದರು. ಅಳಿಲು ಹೇಳಹೊರಟಳು. ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮೇಡಂ ಕಾಯಲು ಸಿದ್ಧರಿದ್ದವರಂತೆ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.